ಚಹಾ ಆರುವಷ್ಟರಲ್ಲಿ ಮುಗಿಯುವ ಆಟ

ಮಿರಜದ ಒಂದು ಧರ್ಮಾರ್ಥ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದಲ್ಲಿ ನನ್ನ ಇಡೀ ನೌಕರಿ ಕಳೆಯಿತು. ರೋಗಿಗಳು ಆ ದೊಡ್ಡ ಹೆಸರನ್ನು ಎಂದೂ ಬಾಯಲ್ಲಿ ತರಲಿಲ್ಲ. ಅವರಿಗೆ ಅದು ಕಸರತ್ತಿನ ಖೋಲಿ, ನಾನು ಕಸರತ್ತಿನ ಬಾಯಿ; ನಮ್ಮ ಕಡೆ ಬಾಯಿ ಎಂದರೆ ಅಮ್ಮಾವರು. ಸಿಟ್ಟು ಬಂದವರು ಕಾಟದ ಬಾಯಿ ಎಂದೂ ಕರೆದರು; ಅದನ್ನು ಬಿರುದೆಂದೇ ಇಟ್ಟುಕೊಂಡಿದ್ದೇನೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿರುವಾಗ, ಇದೇ ಕೆಲಸಕ್ಕೆ ಹೊಸದಾಗಿ ಸೇರಿದವರು ಬಂದು, "ಬಾಯಾರ, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಗ್ತೈತಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಸ್ನಾಯುಗಳ ಹೆಸರು ಮತ್ತು ಉಪದೇಶ. ಹೆಸರುಗಳೆಲ್ಲ ಪುಸ್ತಕದಲ್ಲಿವೆ. ಉಪದೇಶ ನನಗೆ ಬರುವುದಿಲ್ಲ. ಚಾಡಿ ಹೇಳುವುದು ಮಾತ್ರ ಚೆನ್ನಾಗಿ ಬರುತ್ತದೆ, ಅದನ್ನೇ ಹೇಳುತ್ತೇನೆ.

ಈ ಕೆಲಸದಲ್ಲಿ ನಿಮಗೆ ದಿನಾ ಎದುರಾಗುವ ವೈರಿ ಬೇಸರ. ಲಕ್ವಾ ಹೊಡೆದ ಕೈಯನ್ನು ಎಬ್ಬಿಸಬೇಕಾದರೆ ಒಂದೇ ಚಲನೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡಿಸಬೇಕು, ನಾಳೆ ಮತ್ತೆ ಅದನ್ನೇ ಮಾಡಿಸಬೇಕು. ಬೆರಳು ಸೋಲುವ ಮೊದಲೇ ಮನಸ್ಸು ಸೋಲುತ್ತದೆ. ರೋಗಿ ಗೋಡೆ ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ಆಮೇಲೆ ನಿಮ್ಮನ್ನು ನೋಡುತ್ತಾನೆ. ಆ ನೋಟಕ್ಕೆ ಬಲವಿದ್ದಿದ್ದರೆ ನಾನು ಎಂದೋ ಸುಟ್ಟು ಬೂದಿಯಾಗಿರುತ್ತಿದ್ದೆ. "ಇನ್ನ ಎಷ್ಟ ದಿನಾ ಇದುನ್ನ ಮಾಡೂದ್ರಿ?" ಎಂದು ಕೇಳುತ್ತಾನೆ. ನೀವು ನಕ್ಕು ಜಾರಿಕೊಳ್ಳುತ್ತೀರಿ.

ನಾನು ಸೇರಿದ ಕಾಲದಲ್ಲಿ ಬೇಸರದ ವಿರುದ್ಧ ನಮ್ಮಲ್ಲಿದ್ದ ಆಯುಧಗಳು ಬಡವರ ಅಡುಗೆಮನೆಯಿಂದ ಬಂದವು. ಬಟ್ಟಲಲ್ಲಿ ಜೋಳ, ಡಬ್ಬಿಯಲ್ಲಿ ಕಡಲೆ, ಬಟ್ಟೆ ಒಣಹಾಕುವ ಕ್ಲಿಪ್ಪು. ಒಂದು ಬಟ್ಟಲಿನ ಕಾಳನ್ನು ಬೆರಳಲ್ಲಿ ಹಿಡಿದು ಇನ್ನೊಂದಕ್ಕೆ ಹಾಕಬೇಕು. ಒಮ್ಮೆ ಜೋಳಕ್ಕೆ ಹುಳ ಬಿತ್ತು. ಅದರ ಬದಲು ಒಣದ್ರಾಕ್ಷಿ ಇಟ್ಟೆ, ನಮ್ಮ ಸೀಮೆಯಲ್ಲಿ ಅದಕ್ಕೇನು ಬರವಿಲ್ಲ. ಕವಲಾಪುರದ ರೈತನೊಬ್ಬನನ್ನು ಬಟ್ಟಲಿನ ಮುಂದೆ ಕೂರಿಸಿ ಪಕ್ಕದ ಮಂಚದ ಅಜ್ಜಿಯ ಮೊಣಕಾಲು ಮಡಚಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಮೊದಲ ಬಟ್ಟಲು ಖಾಲಿ. ಎರಡನೆಯ ಬಟ್ಟಲೂ ಖಾಲಿ. ನಮ್ಮ ಆಗಿನ ಮುಖ್ಯಸ್ಥೆ ಮೇಡಂ ಅದೇ ಹೊತ್ತಿಗೆ ಬಂದು, ಮೊದಲನೆಯದನ್ನು ಮಾತ್ರ ನೋಡಿ, "ಪ್ರಗತಿ ಉತ್ತಮ" ಎಂದು ಬರೆದು ಹೋದರು. ಆ ರೈತ ನನ್ನ ಕಡೆ ನೋಡಿ ಬಾಯಿ ಒರೆಸಿಕೊಂಡ. ಹೇಳಿದರೆ ನಂಬುವುದಿಲ್ಲ, ಆ ಇಡೀ ವಾರ್ಡಿನಲ್ಲಿ ಬೇಗ ಬಂದದ್ದು ಅವನ ಕೈಯೇ.

ಆ ಮೇಡಂ ಒಳ್ಳೆಯ ಹೆಂಗಸು. ತಾಳಕ್ಕೆ ಹೆಜ್ಜೆ ಹಾಕಿಸಿದರೆ ಎಡವುವ ಕಾಲೂ ಸರಿ ಬೀಳುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಓಣಿಯಂಥ ವರಾಂಡದಲ್ಲಿ ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಮುಂದೆ ತಾವು ಹಾಡುತ್ತಾ ನಡೆಯುತ್ತಿದ್ದರು. ಹಿಂದೆ ಎಲ್ಲರೂ ಹೆಜ್ಜೆ ಹಾಕುತ್ತಿದ್ದರು. ತೊಂದರೆಯೆಂದರೆ ಮೇಡಂಗೆ ಯಾವ ಹಾಡೂ ಪೂರ್ತಿ ಬರುತ್ತಿರಲಿಲ್ಲ. ನಡುವೆ ಮರೆತು ನಿಂತರೆ ಇಡೀ ಸಾಲು ಒಂದು ಕಾಲೆತ್ತಿಕೊಂಡು ನಿಂತುಬಿಡುತ್ತಿತ್ತು. ಒಂದು ದಿನ ಹಾಗೆ ನಿಂತಾಗ, ಯಾರಾದರೂ ಬಿದ್ದರೆ ನನ್ನ ಕುತ್ತಿಗೆಗೆ ಬರುತ್ತದೆಂದು ನಾನೇ ಹಿಂದಿನಿಂದ ಶುರು ಮಾಡಿದೆ. ನನಗೆ ಹಾಡು ಬರುವುದಿಲ್ಲ. ಬಾಯಿಗೆ ಬಂದದ್ದು ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿ ಕೇಳುತ್ತಿದ್ದ ಸೊಪ್ಪು ಮಾರುವವಳ ಕೂಗು: ಮೆಂತೇ, ಪಾಲಕ್, ಕೊತಂಬ್ರೀ. ಸಾಲು ಚೆನ್ನಾಗಿಯೇ ನಡೆಯಿತು. ಆದರೆ ಹೆರಿಗೆ ವಾರ್ಡಿನಿಂದ ಒಬ್ಬಳು ಚೀಲ ಹಿಡಿದುಕೊಂಡು ಹೊರಗೆ ಬಂದಳು. ಕೊತ್ತಂಬರಿ ಇಲ್ಲವೆಂದು ತಿಳಿದಾಗ ಆಕೆ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಮೇಡಂ ಹೋದ ಮೇಲೆ ದೊಡ್ಡ ಸಾಹೇಬರು ಬಂದರು. ಮರಾಠಿಯವರು, ಕನ್ನಡದ ಒಂದಕ್ಷರ ಬಾರದು, ಆದರೆ ರೋಗಿಗಳ ಮೇಲೆ ನಿಜವಾದ ಕಾಳಜಿ. ಅವರಿಗೊಂದು ಹುಚ್ಚಿತ್ತು, ನಕ್ಷೆಯ ಹುಚ್ಚು. ರೋಗಿಯ ಕೈ ಎಷ್ಟು ಎದ್ದಿತು ಎಂದು ಕೈ ನೋಡುತ್ತಿರಲಿಲ್ಲ, ಗೆರೆ ಎಷ್ಟು ಎದ್ದಿದೆ ಎಂದು ಹಾಳೆ ನೋಡುತ್ತಿದ್ದರು. ಗೆರೆ ಇಳಿದರೆ ಮೊದಲು ನನ್ನನ್ನು ಬೈಯುತ್ತಿದ್ದರು, ಆಮೇಲೆ ರೋಗಿಯನ್ನು.

ಬೇಸರಕ್ಕೆ ಮದ್ದಾದ ಆಟವೊಂದು ನಮ್ಮ ಖೋಲಿಗೆ ಬಂದದ್ದು ತೇಜಸ್ವಿನಿಯ ಚೀಲದಲ್ಲಿ. ಮಾಲಗಾಂವದ ದ್ರಾಕ್ಷಿ ತೋಟದವರ ಮಗಳು, ಓದು ಮುಗಿಸಿ ನಮ್ಮಲ್ಲಿ ಕೆಲಸ ಕಲಿಯಲು ಬಂದಿದ್ದಳು. ಮನೆಯಲ್ಲಿ ಅಜ್ಜಿ ಕನ್ನಡ ಆಡುತ್ತಿದ್ದುದರಿಂದ ನಾನು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಅರ್ಧ ಮರಾಠಿಯಲ್ಲಿ; ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಊಟದ ಬಿಡುವಿನಲ್ಲಿ ಆಕೆ ಟ್ಯಾಬ್ಲೆಟ್ ಹಿಡಿದು, ಕಿವಿಗೆ ಏನೋ ಸಿಕ್ಕಿಸಿಕೊಂಡು, ಒಂದೇ ಬೆರಳಲ್ಲಿ ಟಕ್ ಟಕ್ ಎನಿಸುತ್ತಿದ್ದಳು. ನನಗೆ ರೇಗಿತು.

"ಡಬ್ಬಿ ಆರಾಕತ್ತೈತಿ, ಇಲ್ಲೆ ಏನ್ ಆಟಾ ಹಚ್ಚೀದಿ?"

"ಮಾವಶಿ, ಪಾಚ್ ಮಿನಿಟ್. ಆತಾ, ಈಗ ಮುಗೀತದ."

"ಇಂಥಾವು ಯಾವೂ ಮುಗಿಯಂಗಿಲ್ಲ. ನನ್ನ ತಮ್ಮನ ಮಗಾ ಹಿಂಗ ಅಂತಂತನ ಎರಡ ಸಲಾ ಫೇಲ್ ಆಗ್ಯಾನ."

"ಹೇ ಮುಗೀತದ, ಮಾವಶಿ. ಖರೇನ. ನೀವ ಬಘಾ, ನೋಡ್ರಿ."

ಕಸಿದುಕೊಂಡೆ. ಬೈಯುವ ಉದ್ದೇಶದಿಂದಲೇ ಕಸಿದುಕೊಂಡದ್ದು, ಆದರೆ ಒಮ್ಮೆ ಪರದೆ ನೋಡಿದವಳು ಅಲ್ಲೇ ಕೂತೆ. ಕಪ್ಪು, ಬಿಳಿ, ಕೆಂಪು, ಮೂರೇ ಬಣ್ಣ. ಕಪ್ಪು ಎಮ್ಮೆಯೊಂದು ನಿಧಾನವಾಗಿ ನಡೆಯುತ್ತಿದೆ. ಅದರ ಬೆನ್ನ ಮೇಲೆ ಒಂದು ಬಿಳಿ ಬೆಳ್ಳಕ್ಕಿ, ಒಂಟಿ ಕಾಲಲ್ಲಿ, ಮದುವೆಗೆ ಹೊರಟವಳ ಠೀವಿಯಲ್ಲಿ. ಮೇಲಿಂದ ಕೆಂಪು ಹನಿ ಇಳಿಯುತ್ತದೆ. ತಾಳ ಬೀಳುವ ಕ್ಷಣಕ್ಕೆ ಹನಿ ಕೊಕ್ಕಿನ ಮಟ್ಟಕ್ಕೆ ಬರುತ್ತದೆ, ಆಗ ಬೆರಳು ಒತ್ತಬೇಕು. ಒತ್ತಿದರೆ ಬೆಳ್ಳಕ್ಕಿ ಹನಿ ನುಂಗುತ್ತದೆ, ಸಂಗೀತಕ್ಕೆ ಒಂದು ವಾದ್ಯ ಸೇರುತ್ತದೆ. ಮೊದಲು ಬರೀ ಎಮ್ಮೆಯ ಗಂಟೆ, ಆಮೇಲೆ ಢೋಲಕಿ, ಆಮೇಲೆ ಕೊಳಲು. ತಪ್ಪಿದರೆ ಒಂದು ವಾದ್ಯ ಸುಮ್ಮನಾಗುತ್ತದೆ, ಅಷ್ಟೆ. ಬೈಗುಳವಿಲ್ಲ, ಜೀವ ಹೋಗುವುದಿಲ್ಲ. ಕೊನೆಗೆ ಎಮ್ಮೆ ಹೊಳೆಗಿಳಿಯುತ್ತದೆ, ಬೆಳ್ಳಕ್ಕಿ ಹಾರುತ್ತದೆ, ಪರದೆ ಬಿಳಿಯಾಗುತ್ತದೆ. ಮುಗಿಯಿತು.

ನನ್ನ ಪಕ್ಕದಲ್ಲಿಟ್ಟಿದ್ದ ಚಹಾ ಇನ್ನೂ ಬಿಸಿಯಿತ್ತು. ಟ್ಯಾಬ್ಲೆಟ್ಟನ್ನು ತೇಜಸ್ವಿನಿಗೆ ಕೊಡದೆ ಮತ್ತೆ ಮೊದಲಿನಿಂದ ಹಚ್ಚಿದೆ. ಆಕೆ ಡಬ್ಬಿ ತೆಗೆದು ನನ್ನ ಪಾಲಿನ ಉಪ್ಪಿನಕಾಯಿಯನ್ನೂ ತಿಂದು ಮುಗಿಸಿದಳು.

ಹೊಸಬರೇ, ಆ ಆಟದ ಮೋಹ ಏನೆಂದು ನಾನು ಬಹಳ ಯೋಚಿಸಿದ್ದೇನೆ. ನೋಡಲು ಚೆಂದ ನಿಜ, ಸಂಗೀತವೂ ಚೆಂದ. ಆದರೆ ನಮ್ಮ ಖೋಲಿಯಲ್ಲಿ ಅದು ಗೆದ್ದದ್ದು ಮುಗಿಯುತ್ತಿದ್ದುದರಿಂದ. ಆಸ್ಪತ್ರೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಗುಳಿಗೆ ಮುಗಿಯುವುದಿಲ್ಲ, ಕಸರತ್ತು ಮುಗಿಯುವುದಿಲ್ಲ, ನೋಡಲು ಬಂದ ನೆಂಟರ ಮಾತು ಮುಗಿಯುವುದಿಲ್ಲ. ಅಂಥ ಕಡೆ ಕೂತ ಮನುಷ್ಯನಿಗೆ, ತನ್ನದೇ ಸತ್ತ ಬೆರಳಿನಿಂದ ಒಂದು ಕೆಲಸವನ್ನು ಹಿಡಿದು, ಕೊನೆ ಮುಟ್ಟಿಸಿ, ಬೆಳ್ಳಕ್ಕಿ ಹಾರುವುದನ್ನು ನೋಡುವುದೆಂದರೆ ಎಂಥ ಸುಖ ಎಂಬುದು ನೀವು ಆ ಮುಖಗಳನ್ನು ನೋಡಿದರೆ ತಿಳಿಯುತ್ತದೆ. ನನಗಂತೂ ನೋಡಿ ಕಣ್ಣು ತುಂಬಿದ್ದುಂಟು.

ಸಲಗರೆಯ ಗಂಗವ್ವ ಎಂಬಾಕೆಗೆ ಮೊದಲು ಆಡಿಸಿದೆ. ಕೂಲಿ ಮಾಡುವ ಹೆಂಗಸು, ಕಬ್ಬು ಕಡಿಯುವಾಗ ಕೈಯ ನರಕ್ಕೆ ಏಟಾಗಿತ್ತು. ಆಕೆಗೆ ಅದು ಆಟವೆಂದು ಎಷ್ಟು ಹೇಳಿದರೂ ತಿಳಿಯಲಿಲ್ಲ. ಹನಿ ತಪ್ಪಿದರೆ ಹಣೆ ಬಡಿದುಕೊಳ್ಳುತ್ತಿದ್ದಳು. "ಅಯ್ಯ ನನ್ನ ಕೈಗಿಷ್ಟ ಮಣ್ಣ ಹಾಕ, ಪಾಪ ಹಕ್ಕಿ ಉಪಾಸ ಬಿತ್ತು" ಎನ್ನುವಳು. ಮರುದಿನ ಖೋಲಿಯ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಯಾಕವ್ವಾ ಇಷ್ಟು ಲಗೂ ಎಂದರೆ, "ನಿನ್ನಿ ಮುಂಜಾನಿಂದ ಅದು ಏನ ತಿಂದೈತಿ ಹೇಳ್ರಿ?" ಎಂದಳು. ಜೋಳ ಆರಿಸಲು ಬಾ ಎಂದು ನಾನು ಕೈಮುಗಿದು ಕರೆದಾಗಲೂ ಬಾರದಿದ್ದ ಹೆಂಗಸು ಅವಳು. ಬೆಳ್ಳಕ್ಕಿ ತುಂಬಿದ ಹೊಟ್ಟೆಯಿಂದ ಹಾರಿದ ದಿನ ವಾರ್ಡಿಗೆಲ್ಲ ಸಕ್ಕರೆ ಹಂಚಿದಳು.

ಸಾಹೇಬರಿಗೆ ಸುದ್ದಿ ಹೋಯಿತು. ಬಂದು ನೋಡಿ ಕಣ್ಣು ಕೆಂಪಗೆ ಮಾಡಿದರು. "ಹೆ ದವಾಖಾನಾ ಆಹೆ ಕೀ ಸರ್ಕಸ್?" ಎಂದರು. ನಾನು ಬಾಯಿ ತೆರೆಯುವ ಮೊದಲೇ ತೇಜಸ್ವಿನಿ ಆಟದ ಕೊನೆಯಲ್ಲಿ ಬರುವ ಒಂದು ಚಿತ್ರವನ್ನು ಅವರ ಮುಂದೆ ಹಿಡಿದಳು. ಒತ್ತಿದ ಪ್ರತಿ ಸಲಕ್ಕೂ ಒಂದು ಚುಕ್ಕೆ. ಬೇಗ ಒತ್ತಿದ್ದು ಗೆರೆಯ ಈಚೆ, ತಡವಾಗಿ ಒತ್ತಿದ್ದು ಗೆರೆಯ ಆಚೆ, ಸರಿಯಾಗಿ ಒತ್ತಿದ್ದು ಗೆರೆಯ ಮೇಲೆ. ಸಾಹೇಬರು ಕನ್ನಡಕ ಏರಿಸಿಕೊಂಡರು. ಯಂತ್ರ ತಾನಾಗಿ ನಕ್ಷೆ ಬರೆದುಕೊಡುತ್ತದೆ ಎಂದರೆ ಅವರಿಗೆ ಇನ್ನೇನು ಬೇಕು? ಸರ್ಕಸ್ಸಿನ ಮಾತು ಅಲ್ಲೇ ನಿಂತಿತು. ಮರುವಾರದಿಂದ ಬೆಳ್ಳಕ್ಕಿ ಅಧಿಕೃತ ಚಿಕಿತ್ಸೆಯಾಯಿತು, ನಾವು ಮೂವರೂ ನಕ್ಷೆಯನ್ನು ಕಣ್ಣುಮುಚ್ಚಿ ನಂಬಿದೆವು. ಅದರ ಫಲ ಉಂಡವರು ಚನ್ನಬಸಪ್ಪ ಶೇಟರು.

ಶೇಟರು ಸಾಂಗಲಿಯ ಮಾರುಕಟ್ಟೆಯಲ್ಲಿ ಅರಿಶಿನ ಖರೀದಿಸುವ ವ್ಯಾಪಾರಿ. ಬಿಳಿ ಧೋತರ, ಹಣೆಯಲ್ಲಿ ವಿಭೂತಿ. ಲಕ್ವಾ ಹೊಡೆದ ಬಲಗೈ ತೊಡೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಬಿದ್ದಿತ್ತು. ಕೂತ ಕೂಡಲೇ ಕೇಳಿದರು.

"ಬಾಯಾರ, ನೀವು ಯಾರ ಪೈಕಿರಿ?"

ಜಾತಿ ಕೇಳುವ ಸಭ್ಯ ದಾರಿ ಅದು. ನನ್ನವ್ವ ಅಥಣಿ ಕಡೆಯಿಂದ ಕೂಲಿಗೆ ಬಂದು ಇಂಥವರದೇ ಗೋದಾಮುಗಳಲ್ಲಿ ಅರಿಶಿನ ಆರಿಸಿದವಳು, ನಾವು ಬೌದ್ಧರು. ಹೇಳಲು ನಾಚಿಕೆಯೇನಿಲ್ಲ, ಆದರೆ ಕೇಳಿದ ಕೂಡಲೇ ಕೊಡುವ ಅಭ್ಯಾಸವೂ ನನಗಿಲ್ಲ.

"ನಾ ಬೆರಳಿನ ಪೈಕಿರಿ ಶೇಟ್ರ. ಕೈ ಕೊಡ್ರಿ ಇಲ್ಲೆ."

ಅವರು ಎಡಗೈಯಿಂದ ಬಲಗೈ ಎತ್ತಿ ನನ್ನ ಅಂಗೈಯಲ್ಲಿಟ್ಟರು. "ನಿಮಗ ಸೌದಾ ಮಾಡಾಕ ಬರ್ತೈತಿ" ಎಂದರು. ಅಲ್ಲಿಂದ ನಮ್ಮಿಬ್ಬರಿಗೂ ಸರಿಹೋಯಿತು.

ಅವರಿಗೆ ಆ ಕೈ ಬೇಕಾಗಿದ್ದುದು ಉಣ್ಣುವುದಕ್ಕಿಂತ ಹೆಚ್ಚಾಗಿ ಮಾತಾಡುವುದಕ್ಕೆ. ಹಳೆಯ ವ್ಯಾಪಾರಿಗಳ ಪದ್ಧತಿ ಗೊತ್ತಿರಬೇಕು ನಿಮಗೆ: ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ದರ ಕುದುರಿಸುವುದು. ಸುತ್ತ ನಿಂತವರಿಗೆ ಟವೆಲ್ ಮಾತ್ರ ಕಾಣುತ್ತದೆ. ಈಗ ಎಲ್ಲ ಬಹಿರಂಗ ಹರಾಜು, ಆದರೂ ಹಳಬರು ತಮ್ಮ ತಮ್ಮೊಳಗಿನ ಮಾತಿಗೆ ಟವೆಲ್ ಬಿಟ್ಟಿಲ್ಲವಂತೆ. "ನನ್ನ ಅಂಗಡಿ ಅಂದ್ರ ಈ ಐದ ಬೆರಳರಿ, ಬಾಯಾರ. ಇವು ಏಳಲಿಲ್ಲ ಅಂದ್ರ ನಾ ಗಾದಿ ಮ್ಯಾಲ ಕುಂತ ಏನ ಮಾಡ್ಲಿ? ಮಂದಿಗೆ ಚಹಾ ಹೇಳ್ಲೇನ?" ಎಂದರು.

ಸಾಹೇಬರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು. ಕೈ ವೇಳೆಗೆ ಸರಿಯಾಗಿ ಬರುವವರೆಗೆ ಅಂಗಡಿಯ ಹೆಸರು ಎತ್ತಬಾರದು. ಬಾರದ ಕೈ ಇಟ್ಟುಕೊಂಡು ಪೇಟೆಯ ಗದ್ದಲಕ್ಕೆ ಹೋದರೆ ರಕ್ತದೊತ್ತಡ ಏರಿ ಮತ್ತೊಂದು ಏಟು ಬೀಳುತ್ತದೆ. ಮಗ ಮಹಾಂತೇಶ ಅದಕ್ಕೆ ತಲೆಯಾಡಿಸಿದ. ಸಂಭಾವಿತ ಹುಡುಗ, ತಂದೆಯ ಮೇಲೆ ಜೀವ. ದಿನಾ ಸಂಜೆ ಬಂದು, "ಅಪ್ಪಾ, ನೀವ ಟೆನ್ಶನ್ ತಗೋಬ್ಯಾಡ್ರಿ. ಪ್ಯಾಟ್ಯಾಗ ಎಲ್ಲಾರೂ ನನ್ನ ಮ್ಯಾಲ ಖುಷಿ ಅದಾರ" ಎನ್ನುತ್ತಿದ್ದ. ಶೇಟರು ಮೀಸೆ ತೀಡಿಕೊಳ್ಳುತ್ತಿದ್ದರು.

ಶೇಟರಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೆ. ಮಿರಜದಲ್ಲಿ ಯಾರೇ ಹಾಡಲಿ, ಅವರು ಆ ಹೊತ್ತಿಗೆ ಸಾಂಗಲಿಯಲ್ಲಿರುತ್ತಿದ್ದರು. ತಾಳ ತಪ್ಪಿ ಬೇರೆ ವಾದ್ಯ ಸೇರದೆ ಹೋದರೆ, "ಗದ್ದಲಾ ಕಡಿಮಿ ಆತು, ಚೊಲೊ ಆತು" ಎನ್ನುವರು. ಆದರೂ ಬೆಳ್ಳಕ್ಕಿ ಅವರನ್ನು ಹಿಡಿದುಬಿಟ್ಟಿತು. ಯಾಕೆ ಹಿಡಿಸಿತು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಇದನ್ನ ಮಾಡಿದಂವ ಶಾಣ್ಯಾ ವ್ಯಾಪಾರಿ ಅದಾನ್ರಿ. ಮೂರ ಬಣ್ಣದಾಗ ಅಂಗಡಿ ಕಟ್ಯಾನ. ಮಾಲ ಸ್ವಲ್ಪ ತೋರಸ್ತಾನ, ಚಂದ ತೋರಸ್ತಾನ, ನೋಡೂದ್ರಾಗ ಬಾಗಲಾ ಹಾಕ್ತಾನ. ಇನ್ನೊಂದೀಟ ಕುಂದ್ರು ಅನ್ನಾಂಗಿಲ್ಲ. ಹಂಗಾಗಿ ಗಿರಾಕಿ ತಾನ ಮತ್ತ ಬರ್ತಾನ."

ಬೆರಳುಗಳು ಒಂದೊಂದಾಗಿ ಎದ್ದವು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಶೇಟರು ಸಾಸಿವೆ ಹೆಕ್ಕಿದರು, ಗುಂಡಿ ಹಾಕಿಕೊಂಡರು, ಧೋತರ ತಾವೇ ಉಟ್ಟರು, ಒಂದು ದಿನ ನನ್ನ ಕಿವಿಯೋಲೆಯ ಕಳಚಿದ ಸಣ್ಣ ತಿರುಪನ್ನು ನೆಲದಿಂದ ಎತ್ತಿಕೊಟ್ಟರು. ನಕ್ಷೆ ಮಾತ್ರ ಒಂದಿಷ್ಟೂ ಕದಲಲಿಲ್ಲ. ಚುಕ್ಕೆಗಳೆಲ್ಲ ಗೆರೆಯ ಆಚೆ, ಎಲ್ಲವೂ ತಡ. ಒಂದೂ ಮೇಲಿಲ್ಲ, ಒಂದೂ ಈಚೆಯಿಲ್ಲ. ಸಾಹೇಬರು ಪ್ರತಿ ವಾರ ಹಾಳೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಮಿದುಳಿನಿಂದ ಬೆರಳಿಗೆ ಹೋಗುವ ಸುದ್ದಿಯೇ ತಡವಾಗುತ್ತಿದೆ, ಇದು ಹೀಗೇ ಉಳಿಯಬಹುದು ಎಂದರು. ಕೊನೆಗೆ ಒಂದು ದಿನ ಮಗನನ್ನು ಪಕ್ಕಕ್ಕೆ ಕರೆದು, ಅಂಗಡಿಯನ್ನು ಪೂರ್ತಿ ನೀವೇ ನೋಡಿಕೊಳ್ಳುವ ಏರ್ಪಾಟು ಮಾಡಿಕೊಳ್ಳಿ ಎಂದು ಹೇಳಿದರು. ಶೇಟರಿಗೆ ಕೇಳಿಸಿತು. ಆ ದಿನ ಅವರು ಆಟ ಆಡಲಿಲ್ಲ. ಅಷ್ಟು ದೊಡ್ಡ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಕಿಟಕಿಯ ಕಡೆ ತಿರುಗಿ ಕೂತುಬಿಟ್ಟರು.

ಎರಡು ದಿನ ಬಿಟ್ಟು ಅವರು ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಉಂಡು ನೇರ ನಮ್ಮ ಖೋಲಿಗೆ ಬಂದರು. ಬಲಗೈಯೆಲ್ಲ ಹೋಳಿಗೆಯ ತುಪ್ಪ, ಎಷ್ಟು ತೊಳೆದರೂ ಜಿಡ್ಡು. ಟ್ಯಾಬ್ಲೆಟ್ ತೇಜಸ್ವಿನಿಯ ಸ್ವಂತದ್ದು. ಅದಕ್ಕೆ ತುಪ್ಪ ಹತ್ತಿಸಿದರೆ ಆಕೆ ನನ್ನನ್ನು ಬಿಡುವವಳಲ್ಲ.

"ಇವತ್ತ ಎಡಗೈಲೆ ಆಡ್ರಿ ಶೇಟ್ರ, ಸುಮ್ನ ಮನಸ್ಸಿಗೆ" ಎಂದೆ.

ಎಡಗೈಗೆ ಏನೂ ಆಗಿರಲಿಲ್ಲ. ಅವರು ಆಡಿದರು, ಎಮ್ಮೆ ಹೊಳೆಗಿಳಿಯಿತು, ಚುಕ್ಕೆಗಳ ಚಿತ್ರ ಬಂತು. ನಾನು ನೋಡಿದೆ, ತೇಜಸ್ವಿನಿಯನ್ನು ಕರೆದು ತೋರಿಸಿದೆ. ಎಲ್ಲವೂ ಗೆರೆಯ ಆಚೆ. ಬಲಗೈ ಎಷ್ಟು ತಡವೋ ಎಡಗೈಯೂ ಅಷ್ಟೇ ತಡ.

ಯಂತ್ರ ಕೆಟ್ಟಿದೆ ಎಂದುಕೊಂಡು ತೇಜಸ್ವಿನಿಗೆ ಆಡಲು ಹೇಳಿದೆ. ಆಕೆ ಎಂದಿನಂತೆ ಕಿವಿಗೆ ಸಿಕ್ಕಿಸಿಕೊಂಡು ಆಡಿದಳು, ಚುಕ್ಕೆಗಳು ಗೆರೆಯ ಮೇಲೆಯೇ ಕೂತವು. ನಾನು ಶೇಟರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ.

"ಶೇಟ್ರ, ಹನಿ ಕೊಕ್ಕಿಗೆ ಬಂದಾಗ ಕಾಣಸ್ತೈತೇನ ನಿಮಗ?"

"ಕಾಣಸ್ತೈತಿ."

"ತಾಳಾ ಕೇಳಸ್ತೈತಿ?"

"ಕಿವಿ ಮುಚ್ಚಿದ್ರೂ ಕೇಳಸ್ತೈತಿ."

"ಮತ್ತ ಆವಾಗ ಯಾಕ ಒತ್ತಂಗಿಲ್ಲ?"

ಅವರು ನನ್ನನ್ನು ಎಂಥ ಪ್ರಶ್ನೆ ಕೇಳುತ್ತಾಳಪ್ಪ ಇವಳು ಎಂಬಂತೆ ನೋಡಿದರು.

"ಬಾಯಾರ, ಇಳೀಲಿಕ್ಕತ್ತಿದ ಮಾಲದು. ಇನ್ನೂ ಒಂದೀಟ ಇಳೀತೈತಿ ಅಂತ ಕಣ್ಣಿಗೆ ಕಾಣಸ್ತೈತಿ. ಮೊದಲ್ನೇ ಕೂಗಿಗೆ ಬೆರಳ ಒತ್ತಿದ್ರ ಅಂವ ವ್ಯಾಪಾರಿ ಹೆಂಗ ಆಗ್ತಾನ?"

ತೇಜಸ್ವಿನಿ ಓಢಣಿಯನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ನಾನು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಶೇಟರಿಗೆ ಮಾತ್ರ ನಗುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. ಇಷ್ಟು ದಿನ ನಾವು ಮೂವರು ಓದಿದವರು ಸೇರಿ ಅವರ ಕಸುಬಿಗೆ ಔಷಧ ಮಾಡುತ್ತಿದ್ದೆವು.

ಸಾಹೇಬರಿಗೆ ಹೇಳಿದರೆ ನಂಬಲಿಲ್ಲ. ಎರಡೂ ಕೈ ತಡವೆಂದರೆ ರೋಗ ಎರಡೂ ಕಡೆಗೆ ಹಬ್ಬಿರಬಹುದು ಎಂದು ಇನ್ನೊಂದು ಹೊಸ ಹೆದರಿಕೆ ಹುಟ್ಟಿಸಿದರು. ಅದೇ ವಯಸ್ಸು ಅಲ್ಲದಿದ್ದರೂ ಅದೇ ಮನೆತನದ, ಅದೇ ಧಂದೆಯ, ಆರೋಗ್ಯವಂತ ಮನುಷ್ಯನೊಬ್ಬನ ಚುಕ್ಕೆ ತೋರಿಸಿ, ಹೋಲಿಸಿ ನೋಡೋಣ ಎಂದರು. ಸಂಜೆ ಮಹಾಂತೇಶ ಬಂದ. ನಾನು ಹೇಳಿದ ಕೂಡಲೇ ಅಂಗಿಯ ತೋಳು ಮಡಚಿ ಕೂತ. ತಂದೆ ಪಕ್ಕದ ಕುರ್ಚಿಯಲ್ಲಿ, ಸಾಹೇಬರು ಹಿಂದೆ ನಿಂತು, ತೇಜಸ್ವಿನಿ ನನ್ನ ಬೆನ್ನ ಹಿಂದೆ.

ಮಗ ಎಂಥ ಆಟ ಆಡಿದ ಎನ್ನುತ್ತೀರಿ. ಹನಿ ಬರುವುದೇ ತಡ, ಬೆರಳು ಬಿತ್ತು. ಪರದೆಯ ಮೇಲೆ ಪರ್ಫೆಕ್ಟ್, ಪರ್ಫೆಕ್ಟ್ ಎಂದು ಬರುತ್ತಲೇ ಇತ್ತು. ಢೋಲಕಿ ಸೇರಿತು, ಕೊಳಲು ಸೇರಿತು, ನಾನು ಹಿಂದೆ ಕೇಳದ ಒಂದು ತಂತಿಯ ವಾದ್ಯವೂ ಸೇರಿತು. ಸಾಹೇಬರು ನನ್ನ ಕಡೆ ನೋಡಿ "ಬಘಾ" ಎಂದರು, ನೋಡಿ, ಆರೋಗ್ಯವಂತ ಕೈಯೆಂದರೆ ಇದು ಎಂಬ ಅರ್ಥದಲ್ಲಿ. ಶೇಟರ ಗಾದಿ ಹೋಯಿತು ಎಂದುಕೊಂಡೆ.

ಶೇಟರು ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ. ಮಗನ ಬೆರಳನ್ನು ನೋಡುತ್ತಿದ್ದರು. ಅವರ ಮುಖದ ಬಣ್ಣ ಇಳಿಯುತ್ತಾ ಹೋಯಿತು.

"ಮಹಾಂತೂ, ನೀ ಪ್ಯಾಟ್ಯಾಗೂ ಹಿಂಗ ಒತ್ತತೀಯೇನೋ?"

"ಹಿಂಗ ಅಂದ್ರ ಹೆಂಗ್ರಿ ಅಪ್ಪಾ?"

"ಹನಿ ಬಂತು, ಒತ್ತಿದಿ. ಇನ್ನೊಂದ ಬಂತು, ಒತ್ತಿದಿ. ಅಂವ ಒಂದ ಮಾತ ಹೇಳಿದ, ನೀ ಹೂಂ ಅಂದಿ. ಹಿಂಗೇನ?"

ಮಗ ಬೆರಳನ್ನು ಪರದೆಯಿಂದ ತೆಗೆದ. ಎಮ್ಮೆ ಒಂಟಿ ಗಂಟೆ ಬಾರಿಸುತ್ತಾ ನಡೆಯಿತು.

"ಅವ್ರು ನಿಮ್ಮ ವಾರಿಗಿ ಹಿರೇ ಮಂದಿರಿ, ಅಪ್ಪಾ. ಮಾರಿ ಮುಂದ ನಿಂತ ದರಾ ಹೇಳ್ತಾರ. ಅವರನ್ನ ಹೆಂಗ ಕಾಯಸೂದ್ರಿ? ನನಗ ಬಾಯೇ ಬರಂಗಿಲ್ಲ. ಹೂಂ ಅಂತೀನಿ."

"ಮೊದಲ್ನೇ ಕೂಗಿಗೆ?"

"ಹೂಂ."

"ನಾ ಬಿದ್ದಾಗಿಂದ?"

"ಹೂಂ, ಅಪ್ಪಾ."

"ಅದಕ್ಕ ಪ್ಯಾಟ್ಯಾಗ ಎಲ್ಲಾರೂ ನಿನ್ನ ಮ್ಯಾಲ ಖುಷಿ ಅದಾರ."

ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ ಏನಾಯಿತೆಂದು ಕೇಳಿದರು. ನಾನು ಮರಾಠಿಯಲ್ಲಿ ಬಿಡಿಸಿ ಹೇಳಿದೆ: ವೇಳೆಗೆ ಸರಿಯಾಗಿ ಒತ್ತುವ ಕೈ ಅಂಗಡಿಯನ್ನು ಮುಳುಗಿಸುತ್ತಿದೆ, ತಡವಾಗಿ ಒತ್ತುವ ಕೈಯನ್ನು ನಾವು ಇಲ್ಲಿ ಕೂಡಿಹಾಕಿದ್ದೇವೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ ಎಂದು ಮೊದಲೇ ಹೇಳಿದ್ದೇನೆ. ಶೇಟರ ಮುಂದೆ ಬಂದು ನಿಂತು, ಒಂದೇ ಒಂದು ಸಲ, ಬಲಗೈಯಿಂದ, ನಷ್ಟವಾದರೂ ಚಿಂತೆಯಿಲ್ಲ, ಮೊದಲ ಕೂಗಿಗೇ ಒತ್ತಿ ತೋರಿಸಿ ಎಂದು ಕೇಳಿಕೊಂಡರು.

ಶೇಟರು ಬೇವಿನ ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಒತ್ತಿದರು. ಮೊದಲ ಹನಿ, ಗೆರೆಯ ಮೇಲೆ. ಎರಡನೆಯದು, ಗೆರೆಯ ಮೇಲೆ. "ಲುಕ್ಸಾನ" ಎಂದರು. ಇನ್ನೊಂದು. "ಇದೂ ಲುಕ್ಸಾನ" ಎಂದರು. ಢೋಲಕಿ ಬಂತು. ಕೊಳಲು ಬಂತು. ತಂತಿ ವಾದ್ಯ ಸೇರಿದಾಗ ಶೇಟರು ಲುಕ್ಸಾನ ಅನ್ನುವುದನ್ನು ಮರೆತರು. ಇಷ್ಟು ದಿನ ಅವರ ಆಟದಲ್ಲಿ ಕೇಳಿಸಿದ್ದು ಎಮ್ಮೆಯ ಗಂಟೆ ಮಾತ್ರ; ಮಗ ಆಡುವಾಗ ಅವರ ಲಕ್ಷ್ಯವೆಲ್ಲ ಅವನ ಬೆರಳ ಮೇಲಿತ್ತು. ಬೆಳ್ಳಕ್ಕಿ ಹಾರಿ ಪರದೆ ಬಿಳಿಯಾದ ಮೇಲೂ ಅವರ ಬೆರಳು ಹಾಗೆಯೇ ಎದ್ದು ನಿಂತಿತ್ತು.

"ಇಷ್ಟೆಲ್ಲಾ ಇತ್ತೇನ್ರಿ ಇದರಾಗ?" ಎಂದು ನನ್ನನ್ನು ಕೇಳಿದರು.

"ಇತ್ತರಿ ಶೇಟ್ರ."

"ಮೊದ್ಲ ಹೇಳೂದಿಲ್ಲೇನ?"

ಶೇಟರು ಅಂಗಡಿಗೆ ಹೋಗಬಹುದೆಂಬ ಚೀಟಿಗೆ ಸಾಹೇಬರು ಅಲ್ಲೇ ನಿಂತು ಸಹಿ ಮಾಡಿದರು. ಅಂದಿನಿಂದ ಹೊಸ ರೋಗಿ ಬಂದರೆ ಅವರು ಕೈ ನೋಡುವ ಮೊದಲು ಧಂದೆ ಏನು ಎಂದು ಕೇಳಲು ಶುರು ಮಾಡಿದರು. ಹೊಸಬರೇ, ನೀವೂ ಅದನ್ನು ಮೊದಲು ಕೇಳಿ. ಅರ್ಧ ರೋಗ ಅಲ್ಲೇ ಬಿಟ್ಟುಹೋಗುತ್ತದೆ.

ಮಹಾಂತೇಶ ಕುರ್ಚಿಯಿಂದ ಎದ್ದಿರಲಿಲ್ಲ. ಇಷ್ಟು ದೊಡ್ಡ ಹುಡುಗನ ಕಣ್ಣಲ್ಲಿ ನೀರಿತ್ತು. "ಅಪ್ಪಾ, ನಾಳಿಂದ ನೀವ ಬರ್ರಿ. ನನ್ನ ಕಡಿಂದ ಆಗವಲ್ದು" ಎಂದ. ಶೇಟರು ಬೈಯುತ್ತಾರೆಂದು ನಾವೆಲ್ಲ ನೆಲ ನೋಡಿದೆವು. ಅವರು ಆ ಬಲಗೈಯನ್ನು ಚಾಚಿ ಮಗನ ಕೈ ಹಿಡಿದರು. ಹಿಡಿದು ಅವನ ನಡುಬೆರಳನ್ನು ಒಂದು ಸಲ ಗಟ್ಟಿಯಾಗಿ ಒತ್ತಿದರು.

ಮಗ ಕಣ್ಣೊರೆಸಿಕೊಂಡು ತಲೆ ಎತ್ತಿದ. "ಇದು ಎಷ್ಟ್ರಿ ಅಪ್ಪಾ?"

"ಇದು ಎಷ್ಟೂ ಅಲ್ಲ" ಎಂದರು ಶೇಟರು. "ಸುಮ್ನಿರು, ಇನ್ನೊಂದೀಟ ತಡಿ ಅಂತ."